ಕೈ ಹಿಡಿದವಳ ಹೆಸರು

ನಾಗಮಣಿ ನನ್ನ ಕೈ ತಿರುಚಲಿಲ್ಲ. ನನ್ನ ಮಣಿಕಟ್ಟಿನ ಮೂಳೆ ಮುರಿದದ್ದು ನಮ್ಮದೇ ಇನ್ಸ್‌ಪೆಕ್ಟರ್ ಬೀಸಿದ ಲಾಠಿಯಿಂದ. ಇದನ್ನು ನಾನು ನಂಜನಗೂಡಿನ ಕೋರ್ಟಿನಲ್ಲಿ, ಸಾಕ್ಷಿ ಕಟಕಟೆಯಲ್ಲಿ ನಿಂತಾಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ, ಎದುರಿಗಿದ್ದವಳತ್ತ ಬೆರಳು ತೋರಿಸಿ, "ಇವರೇ" ಎಂದೆ. ಆ ಒಂದು ಮಾತಿನಿಂದ ಅವಳಿಗೆ ಶಿಕ್ಷೆಯಾಯಿತು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಉಳಿದವರಿಗೆ ಗೊತ್ತಿರಲಿಲ್ಲ — ಅಥವಾ ಗೊತ್ತಿದ್ದೂ ಬೇಕಿರಲಿಲ್ಲ.

ನಾನು ಶೋಭಾ. ಪೊಲೀಸ್. ಈಗ ಅಮಾನತಿನಲ್ಲಿದ್ದೇನೆ. ಊರು ನರಸೀಪುರದ ಹತ್ತಿರ, ಸೋಸಲೆಯ ಪಕ್ಕ.

ಪೊಲೀಸ್ ಆಗುವ ಮೊದಲು ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ನರಸೀಪುರದ ಕಡೆಯ ಹಳ್ಳಿಗಳ ಹೆಂಗಸರನ್ನು ಕರೆತರಲು ಕಂಪನಿಯ ವ್ಯಾನ್ ಬರುತ್ತಿತ್ತು. ಬೆಳಗಿನ ಕತ್ತಲಲ್ಲೇ ಹತ್ತಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ತಲೆಯಿಟ್ಟು ನಿದ್ದೆ ಮಾಡುತ್ತ ಹೋಗುತ್ತಿದ್ದೆವು. ನಾನು ಮಲಗುತ್ತಿದ್ದದ್ದು ನಾಗಮಣಿಯ ಹೆಗಲ ಮೇಲೆ. ಅವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಮುಡುಕುತೊರೆಯ ಹುಡುಗಿ, ನಮ್ಮ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದವಳು. ಲೈನಿನಲ್ಲಿ ನನ್ನ ಮುಂದಿನ ಮೆಷಿನ್ನು ಅವಳದು.

ನಾನು ಪೊಲೀಸ್ ಪರೀಕ್ಷೆಗೆ ಕಟ್ಟಿದಾಗ ಓದಲು ಸಮಯವೇ ಇರಲಿಲ್ಲ. ನಾಗಮಣಿ ತನ್ನ ಕೋಟಾ ಮುಗಿಸಿ ನನ್ನ ಬಂಡಲಿನಿಂದಲೂ ಕಾಲರ್ ಎಳೆದುಕೊಂಡು ಹೊಲಿಯುತ್ತಿದ್ದಳು. ಸೂಪರ್‌ವೈಸರ್ ಆಚೆ ಹೋದ ತಕ್ಷಣ, "ಓದ್ಕಳಮ್ಮಿ, ನಾನ್ ನೋಡ್ಕತೀನಿ" ಎನ್ನುತ್ತಿದ್ದಳು. ವ್ಯಾನಿನಲ್ಲಿ ವಾಪಸ್ ಬರುವಾಗ ನನ್ನ ಗೈಡು ಅವಳ ತೊಡೆಯ ಮೇಲಿರುತ್ತಿತ್ತು. ಪ್ರಶ್ನೆ ಕೇಳುವುದು ಅವಳ ಕೆಲಸ. ಮೂಲಭೂತ ಹಕ್ಕುಗಳಲ್ಲಿ ನಾನು ಪ್ರತಿಸಲವೂ ಎಡವುತ್ತಿದ್ದೆ. "ಶಾಂತಿಯುತವಾಗಿ ಮತ್ತು ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು" — ಇದರಲ್ಲಿ 'ಆಯುಧಗಳಿಲ್ಲದೆ' ಅನ್ನುವುದು ಬಿಟ್ಟುಹೋಗುತ್ತಿತ್ತು. ಅವಳು ತಲೆಗೊಂದು ಮೊಟಕುತ್ತಿದ್ದಳು. ಇಡೀ ವ್ಯಾನು ನಗುತ್ತಿತ್ತು.

ಕೆಲಸ ಸಿಕ್ಕಿತು, ನಂಜನಗೂಡಿನ ಠಾಣೆಯಲ್ಲೇ. ಖಾಕಿ ತೊಟ್ಟ ಮೊದಲ ವರ್ಷವೇ ನಾನು ಕಲಿತದ್ದು — ಗಾರ್ಮೆಂಟ್ಸಿನವಳು ಎಂದು ಯಾರಿಗೂ ಹೇಳಬಾರದು. ಠಾಣೆಯಲ್ಲಿ ಆ ಮಾತನ್ನು ಗಂಡಸರು ಹೇಳುತ್ತಿದ್ದ ರೀತಿಯೇ ಬೇರೆ. ಒಂದು ಹೆಣ್ಣು ಕಾಣೆಯಾದ ದೂರು ಬಂದರೆ, "ಗಾರ್ಮೆಂಟ್ಸಾ?" ಎಂದು ಕೇಳಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ದಾರಿಯಲ್ಲಿ ಹಳೆಯ ವ್ಯಾನು ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಆಮೇಲೆ ಕಂಪನಿ ಆ ವ್ಯಾನನ್ನೇ ನಿಲ್ಲಿಸಿತು. ಖರ್ಚು ಜಾಸ್ತಿ ಎಂದರಂತೆ. ಹೆಂಗಸರು ಸಂಜೆ ಪಾಳಿ ಮುಗಿಸಿ ಹೆದ್ದಾರಿಯವರೆಗೆ ನಡೆದು, ಕತ್ತಲಲ್ಲಿ ಬಸ್ಸಿಗೆ ಕಾಯಬೇಕಾಯಿತು. ಬೈಕಿನವರ ಕಾಟ, ಲಾರಿ ಡ್ರೈವರುಗಳ ಕೂಗು. ಒಬ್ಬಳನ್ನು ಎಳೆದುಕೊಂಡು ಹೋಗಲು ನೋಡಿದ್ದೂ ಆಯಿತು. ಅವಳ ದೂರನ್ನು ನಮ್ಮ ಠಾಣೆ ತೆಗೆದುಕೊಳ್ಳಲಿಲ್ಲ. ಆಗ ಅವರು ಗೇಟಿನ ಮುಂದೆ ಒಂದು ದಿನ ಕೂರುತ್ತೇವೆ ಎಂದು ಹೇಳಿ ಹೋಗಲು ಠಾಣೆಗೆ ಬಂದರು. ನಾಗಮಣಿ ಅವರಲ್ಲಿರಲಿಲ್ಲ. ಇನ್ಸ್‌ಪೆಕ್ಟರ್ ತಲೆಯೆತ್ತದೆಯೇ, "ಗಲಾಟೆ ಮಾಡದೆ ಕೂತ್ಕೊಂಡು ಎದ್ದು ಹೋಗಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕಿವಿಯಾರೆ ಕೇಳಿದ್ದೇನೆ.

ಮರುದಿನ ಅವರು ಕೂತರು. ಟಾರು ರಸ್ತೆ ಬಿಟ್ಟು, ಹೊಂಗೆ ಮರದ ಕೆಳಗೆ, ಗೇಟಿಗೆ ಲಾರಿ ಹೋಗಿಬರಲು ದಾರಿ ಬಿಟ್ಟು. ಘೋಷಣೆ ಕೂಗಲು ಬರುತ್ತಿರಲಿಲ್ಲ ಅವರಿಗೆ. ಒಬ್ಬಳು "ವ್ಯಾನು" ಎಂದರೆ ಉಳಿದವರು "ಬೇಕು" ಎನ್ನುತ್ತಿದ್ದರು, ಆಮೇಲೆ ನಾಚಿಕೊಂಡು ನಗುತ್ತಿದ್ದರು. ಊಟದ ಡಬ್ಬಿ ತಂದಿದ್ದರು. ಯಾರೋ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನಮಗೆ ಮಾಡಲು ಏನೂ ಕೆಲಸವಿರಲಿಲ್ಲ.

ಮಧ್ಯಾಹ್ನ ಇನ್ಸ್‌ಪೆಕ್ಟರಿಗೆ ಒಂದು ಫೋನ್ ಬಂತು. ದೂರ ಹೋಗಿ ಮಾತಾಡಿ, ಬೇರೆಯೇ ಮುಖ ಹೊತ್ತು ಬಂದರು.

"ಎದ್ದೇಳ್ರೀ ಎಲ್ಲಾ. ಐದು ನಿಮಿಷ ಟೈಮು."

"ನೀವೇ ಕೂತ್ಕಳಿ ಅಂದಿದ್ರಲ್ಲ ಸಾ?" ಎಂದಳು ಮುಂದಿದ್ದವಳು.

"ಈಗ ನಾನೇ ಏಳಿ ಅಂತಿದೀನಿ."

ಹಿಂದಿನಿಂದ ಒಂದು ದನಿ ಬಂತು. "ಯಾರ್ ಪೋನ್ ಮಾಡುದ್ರು ಸಾ?"

ಹೆಂಗಸರೆಲ್ಲ ನಕ್ಕುಬಿಟ್ಟರು. ಕೆಟ್ಟ ನಗುವಲ್ಲ ಅದು. ಆದರೆ ಹೆಂಗಸರ ಗುಂಪು ತನ್ನನ್ನು ನೋಡಿ ನಗುವುದನ್ನು ಆ ಮನುಷ್ಯ ಸಹಿಸುವವನಲ್ಲ — ನನಗೆ ಅದು ಗೊತ್ತಿತ್ತು, ಇನ್ಸ್‌ಪೆಕ್ಟರ ಕತ್ತಿನ ನರ ಆಗಲೇ ಉಬ್ಬಿತ್ತು. ಆ ಪ್ರಶ್ನೆ ಕೇಳಿದವಳು ಎದ್ದು ನಿಂತಳು. ನಾಗಮಣಿ. ಅವಳ ಕಣ್ಣುಗಳು ನನ್ನನ್ನು ಹುಡುಕಿ ಹಿಡಿದವು.

"ಶೋಭಿ, ನೀನೇ ಏಳಮ್ಮಿ ನಿಮ್ ಸಾಯೇಬ್ರಿಗೆ. ನೀನೂ ಇದೇ ವ್ಯಾನಲ್ ಬತ್ತಿದ್ದೋಳು. ಶಾಂತಿಯಾಗಿ, ಆಯುಧ ಇಲ್ದೆ — ಬಾಯ್ಪಾಠ ಮಾಡಿದ್ದು ಮರ್ತೋದ್ಯಾ?"

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. "ಏನಮ್ಮಾ, ಇದು ನಿನ್ ಗ್ಯಾಂಗಾ? ಗಾರ್ಮೆಂಟ್ಸಾ ನೀನು?"

ಪಕ್ಕದಲ್ಲಿದ್ದ ಪೇದೆಗಳು ಕಿಸಕ್ಕೆಂದರು.

"ಅಲ್ಲ ಸರ್," ಎಂದೆ. "ಅವರು ಯಾರು ಅಂತಲೇ ನನಗೆ ಗೊತ್ತಿಲ್ಲ ಸರ್."

ಅದು ಮೊದಲ ಸುಳ್ಳು. ನಾಗಮಣಿ ಅದನ್ನು ಕೇಳಿಸಿಕೊಂಡಳು.

ಐದು ನಿಮಿಷ ಕೊಡಲಿಲ್ಲ. ಕೂತವರು ಏಳುವ ಮೊದಲೇ ಲಾಠಿ ಬಿತ್ತು. ಮಹಿಳಾ ಪೇದೆಗಳೆಂದು ಇದ್ದದ್ದು ನಾನೂ ಇನ್ನೊಬ್ಬಳೂ ಮಾತ್ರ, ಹೊಡೆದವರು ಗಂಡಸರು. ಬೆನ್ನಿಗೆ, ಸೊಂಟಕ್ಕೆ, ಮಂಡಿಗೆ. ಸೀರೆ ಕಾಲಿಗೆ ತೊಡರಿ ಬಿದ್ದವರ ಮೇಲೂ. ಹೆಂಗಸರು "ಅಯ್ಯೋ" ಎನ್ನುವುದಕ್ಕಿಂತ ಹೆಚ್ಚಾಗಿ "ಯಾಕ್ ಸಾ, ಯಾಕ್ ಸಾ" ಎಂದು ಕೇಳುತ್ತಿದ್ದರು — ನಿಜವಾಗಿ ಉತ್ತರ ಬೇಕಾಗಿದೆಯೇನೋ ಎಂಬಂತೆ. ನಾನೂ ಹೊಡೆದೆ. ಇದನ್ನು ಮುಚ್ಚಿಡುವುದಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯ ಬೆನ್ನಿಗೆ ಹೊಡೆದೆ. ಸಾಹೇಬರು ನೋಡಲಿ ಎಂದು, ಜೋರಾಗಿ ಹೊಡೆದೆ.

ಆಗ ಇನ್ಸ್‌ಪೆಕ್ಟರ್ ಒಬ್ಬಳ ತಲೆಯ ಮೇಲೆ ಲಾಠಿ ಎತ್ತಿದರು. ನಾನು ತಡೆಯಲು ಕೈ ಅಡ್ಡ ಕೊಟ್ಟೆ ಎಂದು ಬರೆದುಕೊಳ್ಳುವ ಆಸೆ ಇದೆ ನನಗೆ. ಇಲ್ಲ. ನಾನು ಅದೇ ಹೆಂಗಸನ್ನು ಜುಟ್ಟು ಹಿಡಿದು ಎಳೆಯುತ್ತಿದ್ದೆ, ನನ್ನ ಕೈ ನಡುವೆ ಇತ್ತು, ಅಷ್ಟೇ. ಮೂಳೆ ಮುರಿದ ಶಬ್ದ ನನಗೇ ಕೇಳಿಸಿತು. ಹೊಂಗೆ ಮರದ ಬುಡದಲ್ಲಿ ಕುಸಿದು ಕೂತೆ. ಇನ್ಸ್‌ಪೆಕ್ಟರ್ ನನ್ನನ್ನು ನೋಡಿ, "ಥೂ" ಎಂದು ಮುಂದೆ ಹೋದರು. ನಮ್ಮವರು ಯಾರೂ ಹತ್ತಿರ ಬರಲಿಲ್ಲ.

ಬಂದವಳು ನಾಗಮಣಿ. ಎಲ್ಲರೂ ಓಡುತ್ತಿದ್ದರು, ಅವಳೂ ಓಡಿ ತಪ್ಪಿಸಿಕೊಂಡಿದ್ದಳು — ವಾಪಸ್ ಬಂದಳು. "ಅಲ್ಲಾಡಿಸ್ಬ್ಯಾಡ, ಅಲ್ಲಾಡಿಸ್ಬ್ಯಾಡ ಕಣಮ್ಮಿ" ಎನ್ನುತ್ತ ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದು, ಬಿಗಿಯಾಗಿ ಸುತ್ತಿದಳು. ನಾನು ನೋವಿಗೆ ಕಿರುಚುತ್ತಿದ್ದೆ. ಗೇಟಿನ ಒಳಗಿನಿಂದ ಕಂಪನಿಯ ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಗಂಟು ಹಾಕಿ, ನನ್ನ ಕೆನ್ನೆ ಒಮ್ಮೆ ತಟ್ಟಿ, ಅವಳು ಹೊಲದ ಕಡೆ ಓಡಿಹೋದಳು.

ಸಂಜೆಯ ಹೊತ್ತಿಗೆ ಆ ವಿಡಿಯೋ ಎಲ್ಲರ ಮೊಬೈಲಿನಲ್ಲಿತ್ತು. ನಾಲ್ಕು ಕ್ಷಣದ ತುಣುಕು. ಖಾಕಿ ತೊಟ್ಟ ಹುಡುಗಿ ನೆಲದ ಮೇಲೆ ಕೂತು ಕಿರುಚುತ್ತಿದ್ದಾಳೆ, ಒಬ್ಬ ಹೆಂಗಸು ಅವಳ ಕೈಯನ್ನು ಹಿಡಿದು ಜಗ್ಗುತ್ತಿದ್ದಾಳೆ. 'ಕಾರ್ಮಿಕರ ಗೂಂಡಾಗಿರಿ, ಮಹಿಳಾ ಪೇದೆಯ ಕೈ ಮುರಿದರು' ಎಂದು ಮೇಲೆ ಬರೆದಿತ್ತು.

ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ನನ್ನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಎಳನೀರು ತಂದಿದ್ದರು. ಬೈಯಲಿಲ್ಲ, ಹೆದರಿಸಲಿಲ್ಲ. ಮೊಬೈಲು ನನ್ನ ಮುಖದ ಮುಂದೆ ಹಿಡಿದು, "ಕೈ ಹಿಡಿದಿದಾಳಲ್ಲ, ಇವಳು ಯಾರು?" ಎಂದು ಕೇಳಿದರು. ಹಿಡಿದು ತಂದ ಹೆಂಗಸರೆಲ್ಲ ಠಾಣೆಯಲ್ಲಿ ಕೂತಿದ್ದರು. ಎಷ್ಟು ಕೇಳಿದರೂ ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ. ಕಂಪನಿಯ ಸಾವಿರಾರು ಹೆಂಗಸರಲ್ಲಿ ಇವಳು ಯಾರೆಂದು ಆಫೀಸಿನವರಿಗೂ ಇನ್ನೂ ಗೊತ್ತಾಗಿರಲಿಲ್ಲ. ಪೊಲೀಸರಿಗೆ ಅವಳ ಮುಖ ಸಿಕ್ಕಿತ್ತು, ಹೆಸರು ಸಿಕ್ಕಿರಲಿಲ್ಲ.

ನಾನು ಕೊಟ್ಟೆ. ಹೆಸರು ಕೊಟ್ಟೆ, ಗಂಡನ ಹೆಸರು ಕೊಟ್ಟೆ, ಹಾಲಿನ ಡೈರಿಯ ಹಿಂದಿನ ಮನೆ ಎಂದು ಗುರುತನ್ನೂ ಕೊಟ್ಟೆ. ಮಧ್ಯಾಹ್ನ ಅವಳು ಯಾರೆಂದೇ ಗೊತ್ತಿಲ್ಲ ಎಂದವಳು ನಾನು. ಅದೇ ಮಾತನ್ನು ಸಂಜೆ ಇನ್ನೊಮ್ಮೆ ಹೇಳಿದ್ದರೆ ಸಾಕಿತ್ತು. ಇನ್ಸ್‌ಪೆಕ್ಟರ್ ನನ್ನ ತಲೆ ಸವರಿ, "ನಮ್ಮ ಹುಡುಗಿ ಕಣಮ್ಮ ನೀನು" ಎಂದರು. ಆ ಮಾತು ನನಗೆ ಹಿತವಾಯಿತು. ಅದನ್ನು ನೆನೆದರೆ ಈಗಲೂ —

ನಾಗಮಣಿಯನ್ನು ಮನೆಯಿಂದ ಎತ್ತಿಕೊಂಡು ಬಂದರು. ಅವಳ ಮಗಳು ಆಗ ಅಂಗನವಾಡಿಗೆ ಹೋಗುತ್ತಿದ್ದ ಕೂಸು. ಜೀಪಿನ ಹಿಂದೆ ಡೈರಿಯ ತನಕ ಓಡಿತಂತೆ. ಮೈಸೂರಿನ ಜೈಲಿನಿಂದ ಅವಳು ಹೊರಬರುವ ಹೊತ್ತಿಗೆ ಕಂಪನಿ ಕೆಲಸದಿಂದ ತೆಗೆದಿತ್ತು. ಬೇರೆ ಕಂಪನಿಗಳ ಗೇಟಿನಲ್ಲೂ ಅವಳ ಮುಖ ನೋಡಿ ಹಿಂದಕ್ಕೆ ಕಳಿಸಿದರು; ಅಷ್ಟು ಚೆನ್ನಾಗಿ ಹರಡಿತ್ತು ಆ ವಿಡಿಯೋ. ಜೈಲಿಗೆ ಹೋಗಿಬಂದವಳು ನಮ್ಮ ಮನೆಗೆ ಬೇಡ ಎಂದರು ಅತ್ತೆ ಮನೆಯವರು. ಮಗಳನ್ನು ತಾವೇ ಇಟ್ಟುಕೊಂಡು ಅವಳನ್ನು ಮುಡುಕುತೊರೆಗೆ, ತಾಯಿಯ ಮನೆಗೆ ಕಳಿಸಿದರು. ನನಗೆ ಇಲಾಖೆ ಒಂದು ಸನ್ಮಾನ ಮಾಡಿತು.

ವರ್ಷಗಳಾದ ಮೇಲೆ ವಿಚಾರಣೆ ಬಂತು. ಅಲ್ಲಿ ನಾನು ಏನು ಹೇಳಿದೆ ಎಂದು ಮೊದಲೇ ಬರೆದಿದ್ದೇನೆ. ಅವಳ ವಕೀಲರು ಒಂದೇ ಒಂದು ಸರಿಯಾದ ಪ್ರಶ್ನೆ ಕೇಳಿದರು. "ನಿಮ್ಮ ಕೈಗೆ ಬಟ್ಟೆ ಕಟ್ಟಿದವರು ಯಾರು?" ನಾನು, "ನೆನಪಿಲ್ಲ" ಎಂದೆ. ನಾಗಮಣಿ ನನ್ನನ್ನೇ ನೋಡುತ್ತಿದ್ದಳು. ಒಂದು ವರ್ಷದ ಶಿಕ್ಷೆ ಬಿತ್ತು. ಮೈಸೂರಿನ ಮೇಲಿನ ಕೋರ್ಟಿಗೆ ಹೋದದ್ದರಿಂದ ಮತ್ತೆ ಜೈಲಿಗೆ ಹೋಗುವುದು ಸದ್ಯಕ್ಕೆ ನಿಂತಿತು, ಅಷ್ಟೇ.

ನನ್ನ ಮನಸ್ಸಾಕ್ಷಿ ತಾನಾಗಿ ಎದ್ದಿತು ಎಂದೂ ತಿಳಿಯಬೇಡಿ. ಅದು ಚೆನ್ನಾಗಿಯೇ ನಿದ್ದೆ ಮಾಡುತ್ತಿತ್ತು. ಹೋದ ವರ್ಷ ಹೊಸದಾಗಿ ಸೇರಿದ ಹುಡುಗಿಯರ ತರಬೇತಿಗೆ ನನ್ನನ್ನು ಕರೆದರು. ಪ್ರತಿಭಟನೆಯಲ್ಲಿ ಜನ ಹೇಗೆ ಪೊಲೀಸರ ಮೇಲೆ ಬೀಳುತ್ತಾರೆ ಎಂದು ಹೇಳಿಕೊಡಬೇಕು. ನಾನು ಮಾತು ಶುರುಮಾಡುವ ಮೊದಲು ಆ ತುಣುಕನ್ನು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಹಾಕಿದರು. ಮೊಬೈಲಿನಲ್ಲಿ ಬೆರಳಷ್ಟಿದ್ದ ನಾಗಮಣಿ ಅಲ್ಲಿ ನನಗಿಂತ ಎತ್ತರವಾಗಿದ್ದಳು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಅವರ ಬಾಯಲ್ಲಿರೋದು ಏನು?"

ಎಲ್ಲರೂ ನೋಡಿದರು. ಹಲ್ಲಿನ ನಡುವೆ ಹರಿದ ಸೆರಗಿನ ಒಂದು ತುದಿ. ನನ್ನ ಕೈಯ ಸುತ್ತ ಆಗಲೇ ಒಂದು ಸುತ್ತು ಬಂದಿದ್ದ ಬಟ್ಟೆ. ಸರಿಯಾಗಿ ನೋಡದವರಿಗೆ ಮಾತ್ರ ಅದು ಹೊಡೆದಾಟ. ಹುಡುಗಿ ಇನ್ನೂ ನಿಂತೇ ಇದ್ದಳು. "ಸರಿಯಾಗಿ ಕಾಣ್ತಿಲ್ಲ, ಕೂತ್ಕೋ" ಎಂದೆ. ಅವಳು ಕೂತಳು — ನನ್ನನ್ನು ನಂಬದೆ ಕೂತಳು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು.

ಆ ವಾರವೇ ಮುಡುಕುತೊರೆಗೆ ಹೋದೆ. ಯೂನಿಫಾರ್ಮ್ ಹಾಕಿರಲಿಲ್ಲ. ಬೆಟ್ಟದ ಕೆಳಗಿನ ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಕೂಲಿ ಹೆಂಗಸರ ಸಾಲಿನಲ್ಲಿ ಅವಳನ್ನು ದೂರದಿಂದಲೇ ಗುರುತಿಸಿದೆ. ಮೆಷಿನ್ನಿನ ಮುಂದೆ ಬಾಗುತ್ತಿದ್ದ ಹಾಗೆಯೇ ಬಾಗಿದ್ದಳು. ಬದುವಿನ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯಲ್ಲಿ ಅವಳ ಹೆಸರು ಕೊಟ್ಟದ್ದನ್ನೂ. ಹೇಳುತ್ತ ಅತ್ತೆ.

ಅವಳು ಪೈರು ನೆಡುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕಟ್ಟು ಮುಗಿದ ಮೇಲೆ ಸೊಂಟ ನೆಟ್ಟಗೆ ಮಾಡಿದಳು.

"ನಂಗ್ಯಾಕ್ ಏಳ್ತಿದ್ದೀಯೆ ಇದ? ನಂಗೊತ್ತಿಲ್ವಾ? ನಾನ್ ಅಲ್ಲೇ ಇದ್ನಲ್ಲ."

ನಾನು ಬದುವಿನಿಂದ ಗದ್ದೆಗೆ ಒಂದು ಹೆಜ್ಜೆ ಇಳಿದೆ.

"ಯೂನಿಫಾರಂ ಆಕ್ಕಂಡು ಕೋರ್ಟಲ್ ಸುಳ್ ಏಳ್ದೆ. ಈಗ ಸೀರೆ ಉಟ್ಕಂಡು ಗದ್ದೇಲ್ ಬಂದು ನಿಜ ಏಳ್ತಿಯಾ? ಇಲ್ಲಿರೋರ್ಗೆಲ್ಲಾ ಗೊತ್ತು ಕಣೆ ನಿಜ. ಯಾರ್ಗೆ ಗೊತ್ತಿಲ್ವೋ ಅವ್ರ್ಗೋಗ್ ಏಳು."

"ನಾಗಕ್ಕ, ನಿನ್ನ ಕ್ಷಮೆ —"

"ಆ ಮಾತ್ ಎತ್ಬ್ಯಾಡ. ನನ್ ಮಗ್ಳು ಬಸ್ ಸ್ಟ್ಯಾಂಡಲ್ ನನ್ನ ನೋಡ್ಬುಟ್ಟು ಅವ್ರಜ್ಜಿ ಇಂದೆ ಬಚ್ಚಿಟ್ಕತಳೆ. ಅದುಕ್ಕೆ ಏನ್ ಕೊಟ್ಟೀಯೆ?" ಇನ್ನೊಂದು ಕಟ್ಟು ಪೈರು ಎತ್ತಿಕೊಂಡಳು. "ಓಗು. ಇನ್ನೊಂದ್ ದಪ ಇಲ್ಗೆ ಬರ್ಬ್ಯಾಡ. ಬಂದ್ರೆ ನಿಜ್ವಾಗ್ಲೂ ಕೈ ಮುರೀತೀನಿ."

ಸಾಲಿನಲ್ಲಿದ್ದ ಯಾರೂ ತಲೆಯೆತ್ತಲಿಲ್ಲ. ನಾನು ಬಂದ ದಾರಿಯಲ್ಲೇ ತಿರುಗಿದೆ.

ಅವಳ ವಕೀಲರ ಬಳಿ ಹೋದೆ. ಅವರು ಮೊದಲು ನಂಬಲಿಲ್ಲ, ಇದರಲ್ಲೂ ಪೊಲೀಸರ ಏನೋ ಮಸಲತ್ತು ಇರಬೇಕೆಂದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಕೊನೆಗೆ ಮೈಸೂರಿನ ಕೋರ್ಟು ನನ್ನನ್ನು ಮತ್ತೆ ಕರೆಯಿತು. ಅದಕ್ಕೆ ಮುಂಚೆ ಇನ್ಸ್‌ಪೆಕ್ಟರ್ — ಈಗ ಅವರು ಇನ್ಸ್‌ಪೆಕ್ಟರ್ ಅಲ್ಲ, ಮೇಲೆ ಹೋಗಿದ್ದಾರೆ — ಫೋನ್ ಮಾಡಿದರು. "ಗಾರ್ಮೆಂಟ್ಸ್ ಬುದ್ಧಿ ಬಿಡಲಿಲ್ಲ ನೋಡು" ಎಂದು ಶುರುಮಾಡಿ, ನನ್ನ ತಾಯಿಯ ಹೆಸರು ಹಿಡಿದು ಬೈದರು. ಠಾಣೆಯಲ್ಲಿ ನಾನು ಕೂತ ಬೆಂಚಿನಿಂದ ಜನ ಎದ್ದುಹೋಗತೊಡಗಿದರು. ನಾನು ಕೋರ್ಟಿಗೆ ಹೋಗಿ ಹೇಳಿದೆ. ಫೋನ್ ಬಂದದ್ದು, ಕೂರಲು ಒಪ್ಪಿಗೆ ಕೊಟ್ಟು ಹೊಡೆದದ್ದು, ನಾನು ಹೊಡೆದದ್ದು, ನನಗೆ ಬಿದ್ದದ್ದು, ಕೈಗೆ ಬಟ್ಟೆ ಕಟ್ಟಿದವಳು ಯಾರು, ಅವಳ ಹೆಸರು ಕೊಟ್ಟವಳು ಯಾರು. ನಾಗಮಣಿಯ ಶಿಕ್ಷೆ ರದ್ದಾಯಿತು. ತೀರ್ಪಿನ ದಿನ ಅವಳು ಹೊರಗೆ ಬಂದು, ನನ್ನನ್ನು ದಾಟಿ, ವಕೀಲರಿಗೆ ಕೈಮುಗಿದು, ಬಸ್ಸಿಗೆ ಹೋದಳು. ಮಗಳು ಅವಳ ಜೊತೆ ಬಂದಿರಲಿಲ್ಲ.

ನನ್ನನ್ನು ಅಮಾನತು ಮಾಡಿದರು. ಸುಳ್ಳು ಸಾಕ್ಷಿಗಾಗಿ ನನ್ನ ಮೇಲೆ ಈಗ ಪ್ರಕರಣವಿದೆ. ಲಾಠಿ ಬೀಸಿದವರ ಮೇಲೆ ಇನ್ನೂ ಏನೂ ಇಲ್ಲ. ನನಗಾಗಿ ವಾದಿಸುವ ವಕೀಲರು ಒಳ್ಳೆಯವರು. "ಒತ್ತಡ ಇತ್ತು, ಹೆದರಿಸಿದ್ದರು ಅಂತ ಹೇಳಿ, ಹೊಸಬರಿದ್ರಿ, ಕಡಿಮೆಯಲ್ಲಿ ಹೋಗುತ್ತೆ" ಎನ್ನುತ್ತಾರೆ. ಹಾಗೆ ಹೇಳುವುದಿಲ್ಲ ಎಂದಿದ್ದೇನೆ. ಎಳನೀರು ಕೊಟ್ಟು ಕೇಳಿದರು, ನಾನು ಹೇಳಿದೆ. ಅಲ್ಲಿ ಬೇರೆ ಯಾವ ಒತ್ತಡವೂ ಇರಲಿಲ್ಲ. ನಾನು ಅವರಲ್ಲಿ ಒಬ್ಬಳಾಗಬೇಕಿತ್ತು. ಕೋರ್ಟಿನಲ್ಲಿ ಆರೋಪ ಓದುವ ದಿನ ಒಪ್ಪಿಕೊಳ್ಳುತ್ತೇನೆ.

ಮುಡುಕುತೊರೆಗೆ ಮತ್ತೆ ಹೋಗಿಲ್ಲ. ಹೋಗುವುದಿಲ್ಲ. ಗೊತ್ತಿಲ್ಲದವರಿಗೆ ಹೇಳು ಎಂದಳಲ್ಲ — ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ಸಂಜೆ ಆ ಕಂಪನಿಯ ಗೇಟಿನ ಮುಂದೆ ಹಾದುಹೋದೆ. ವ್ಯಾನು ಇವತ್ತಿಗೂ ಬರುವುದಿಲ್ಲ. ಪಾಳಿ ಬಿಟ್ಟ ಹೆಂಗಸರು ಹೆದ್ದಾರಿಯ ಅಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅಷ್ಟೊಂದು ಜನ, ಆದರೆ ಒಟ್ಟಿಗೆ ಇರಲಿಲ್ಲ. ಇಲ್ಲಿ ಇಬ್ಬರು, ಅಲ್ಲೊಬ್ಬಳು, ಕಂಬದ ಆಚೆ ಇನ್ನಿಬ್ಬರು. ಯಾಕೆ ಹೀಗೆ ದೂರ ದೂರ ನಿಂತಿದ್ದೀರಿ ಎಂದು ಒಬ್ಬಳನ್ನು ಕೇಳಿದೆ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಗುಂಪಾಗ್ ನಿಂತ್ರೆ ಪೋಲೀಸ್ನೋರ್ ಬತ್ತರೆ ಕಣಕ್ಕ," ಎಂದಳು. "ಇಂದೆ ಯಾವಾಗ್ಲೋ ಒಬ್ಳುನ್ನ ಜೈಲ್ಗಾಕಿದ್ರಂತೆ. ಪೋಲೀಸ್ ಉಡ್ಗಿ ಕೈ ಮುರ್ದಿದ್ಲಂತೆ."

"ಅವಳು ಮುರಿಯಲಿಲ್ಲ," ಎಂದೆ.

ಅವಳು ನನ್ನನ್ನು ಒಮ್ಮೆ ನೋಡಿ, ಚೀಲ ಎದೆಗೆ ಒತ್ತಿಕೊಂಡು, ಇನ್ನೂ ನಾಲ್ಕು ಹೆಜ್ಜೆ ದೂರ ಹೋಗಿ ನಿಂತಳು.